ಉಪ್ಪುನೀರಿನ ಪೂಲಿನಲ್ಲಿ ಕ್ಲೋರಿನ್ ನಿಲ್ಲುತ್ತಿಲ್ಲವೇ? ಹೊಸ ಸೆಲ್ ತರುವ ಮುಂಚೆ ಒಂದು ರಾತ್ರಿ ಕಾಯಿರಿ

ಹೋದ ವರ್ಷ ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಕೊಡಗಿನ ನಮ್ಮ ಕಾಫಿ ತೋಟದ ಪೂಲ್ ಶುರು ಮಾಡಿದೆ. ಉಪ್ಪು ಹಾಕಿದ್ದಾಯಿತು, ಸೆಲ್ಲಿನ (ಉಪ್ಪುನೀರಿಗೆ ಕರೆಂಟ್ ಹರಿಸಿ ಕ್ಲೋರಿನ್ ತಯಾರಿಸುವ ಭಾಗ) ಹಸಿರು ಲೈಟ್ ಬಂತು, ಪಂಪ್ ದಿನಕ್ಕೆ ಎಂಟು ಗಂಟೆ ಓಡಿತು. ಕ್ಲೋರಿನ್ ಮಾತ್ರ ಸೊನ್ನೆ. ಪೂಲ್ ಹಾಕಿಕೊಟ್ಟವರ ಕಡೆಯ ಹುಡುಗ ಬಂದ. ಸೆಲ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ. “ಸಾರ್, ಪ್ಲೇಟ್ ಹೋಗಿದೆ. ಹೊಸದು ಹಾಕ್ಬಿಡಿ” ಅಂದ. ಹಾಕಿಸಿದೆ. ಮೂರು ದಿನ ಬಿಟ್ಟು ನೋಡಿದರೆ ಮತ್ತೆ ಸೊನ್ನೆ. ಹಳೇ ಸೆಲ್ ಇವತ್ತಿಗೂ ಸ್ಟೋರ್ ರೂಮಿನಲ್ಲಿದೆ. ಅದಕ್ಕೇನೂ ಆಗಿರಲಿಲ್ಲ.

ತಪ್ಪು ನನ್ನದೂ ಹೌದು. ಮನೆ ಮೇಲಿನ ಟ್ಯಾಂಕಿನಲ್ಲಿ ನೀರು ನಿಲ್ಲುತ್ತಿಲ್ಲ ಅಂದರೆ ನಾವು ಏನು ಮಾಡುತ್ತೇವೆ? ಮೋಟರ್ ನೀರು ಎತ್ತುತ್ತಿದೆಯಾ ನೋಡುತ್ತೇವೆ. ಎತ್ತುತ್ತಿದ್ದರೆ ಪೈಪ್ ಎಲ್ಲಿ ಸೋರುತ್ತಿದೆ ಅಂತ ಹುಡುಕುತ್ತೇವೆ. ಸುಮ್ನೆ ಮೋಟರ್ ಬದಲಾಯಿಸಲು ಯಾರೂ ಹೋಗುವುದಿಲ್ಲ, ಅಲ್ವಾ? ಪೂಲಿನ ಕ್ಲೋರಿನ್ನಿಗೂ ಇದೇ ಮಾತು. ಒಂದೋ ಅದು ಸಾಕಷ್ಟು ತಯಾರಾಗುತ್ತಿಲ್ಲ, ಇಲ್ಲವೇ ತಯಾರಾದದ್ದನ್ನು ಏನೋ ತಿಂದು ಹಾಕುತ್ತಿದೆ. ಯಾವುದು ಅನ್ನುವುದು ಒಂದು ರಾತ್ರಿಯಲ್ಲಿ ಗೊತ್ತಾಗುತ್ತದೆ. ಆ ಪರೀಕ್ಷೆಗೆ ನೂರಿನ್ನೂರು ರೂಪಾಯಿಯ ಕ್ಲೋರಿನ್ ಸಾಕು.

ಮೊದಲು ನಿಮ್ಮ ಪೂಲಿನ ಲೆಕ್ಕ

ಸಾವಿರ ಲೀಟರ್ ನೀರಿಗೆ ಒಂದು ಗ್ರಾಂ ಕ್ಲೋರಿನ್ ಸೇರಿದರೆ 1 ಪಿಪಿಎಂ. ಇದೊಂದು ನೆನಪಿದ್ದರೆ ಮಿಕ್ಕಿದ್ದೆಲ್ಲ ಗುಣಾಕಾರ.

ನನ್ನ ಪೂಲ್ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳ. ಅಂದರೆ ಸುಮಾರು 45,000 ಲೀಟರ್. 1 ಪಿಪಿಎಂ ಏರಿಸಲು 45 ಗ್ರಾಂ ಕ್ಲೋರಿನ್ ಬೇಕು. ಸೆಲ್ಲಿನ ಮೇಲೆ ಗಂಟೆಗೆ 15 ಗ್ರಾಂ ಅಂತ ಬರೆದಿದೆ. ಪೂರ್ತಿ ಬಲದಲ್ಲಿ ಮೂರು ಗಂಟೆ ಓಡಿದರೆ 1 ಪಿಪಿಎಂ.

ಈಗ ನೋಡಿ. ಎಂಟು ಗಂಟೆ, 50 ಪರ್ಸೆಂಟ್ ಸೆಟ್ಟಿಂಗಿನಲ್ಲಿ ಓಡಿಸಿದರೆ ಬರುವುದು 60 ಗ್ರಾಂ, ಅಂದರೆ 1.3 ಪಿಪಿಎಂ. ಮಾರ್ಚ್ ತಿಂಗಳ ಬಿಸಿಲಿಗೆ ದಿನಕ್ಕೆ 3 ಪಿಪಿಎಂ ಖರ್ಚಾದರೆ ಯಾವ ಭಾಗವೂ ಕೆಟ್ಟಿಲ್ಲದೆ ಕ್ಲೋರಿನ್ ಸೊನ್ನೆಗೆ ಬಂದು ನಿಲ್ಲುತ್ತದೆ. ಇಂಥ ಪೂಲಿಗೆ ರಿಪೇರಿ ಬೇಡ, ಪರ್ಸೆಂಟನ್ನೂ ಓಡುವ ಗಂಟೆಯನ್ನೂ ಜಾಸ್ತಿ ಮಾಡಿದರೆ ಮುಗಿಯಿತು.

ಕಿಟ್ ಸುಳ್ಳು ಹೇಳುತ್ತಿದೆಯಾ?

ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಹಳದಿ ಬಣ್ಣ ಬರುವ ಹನಿಯ ಕಿಟ್. ಅದು ಒಟ್ಟು ಕ್ಲೋರಿನ್ ತೋರಿಸುತ್ತದೆ. ಕೆಲಸ ಮಾಡುವ ಕ್ಲೋರಿನ್ ಎಷ್ಟು, ಕೊಳೆಗೆ ಅಂಟಿಕೊಂಡು ಸೋತು ಹೋದದ್ದು ಎಷ್ಟು ಅಂತ ಬೇರ್ಪಡಿಸುವುದಿಲ್ಲ. ಹಳದಿ ಬಂತು ಅಂತ ನೆಮ್ಮದಿಯಾಗಿದ್ದರೆ ಪೂಲ್ ಒಳಗೊಳಗೇ ಹಸಿರಾಗುತ್ತಿರುತ್ತದೆ.

ಪುಡಿ ಹಾಕಿ ಗುಲಾಬಿ ಬಣ್ಣ ನೋಡುವ ಡಿಪಿಡಿ ಕಿಟ್ಟಿನದ್ದು ಇನ್ನೊಂದು ಆಟ. ಕ್ಲೋರಿನ್ 10 ಪಿಪಿಎಂ ದಾಟಿದ್ದರೆ ಬಣ್ಣವೇ ಬ್ಲೀಚ್ ಆಗಿ ನೀರು ಬೆಳ್ಳಗೆ ನಿಲ್ಲಬಹುದು. ನೋಡಿದವರು “ಸೊನ್ನೆ” ಅಂದುಕೊಂಡು ಇನ್ನೂ ಸುರಿಯುತ್ತಾರೆ. ಅನುಮಾನ ಬಂದರೆ ಪೂಲಿನ ನೀರಿಗೆ ಅದರ ನಾಲ್ಕು ಪಟ್ಟು ಕುಡಿಯುವ ಬಾಟಲಿ ನೀರು ಬೆರೆಸಿ ಮತ್ತೆ ಪರೀಕ್ಷಿಸಿ. ಬಣ್ಣ ಬಂದರೆ ಉತ್ತರವನ್ನು ಐದರಿಂದ ಗುಣಿಸಿ. ಇನ್ನು ಪುಡಿ, ಹನಿಗಳನ್ನು ಪಂಪ್ ರೂಮಿನಲ್ಲಿ ಇಡಬೇಡಿ. ನಮ್ಮ ಮಳೆಗಾಲದ ಥಂಡಿಗೆ ಬಟ್ಟೆಯೇ ಬೂಷ್ಟು ಹಿಡಿಯುತ್ತದೆ, ಆ ಪುಡಿ ಎಷ್ಟು ದಿನ ತಾಳೀತು? ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ.

ನನ್ನ ಸಲಹೆ, ಹನಿ ಎಣಿಸುವ ಡಿಪಿಡಿ ಕಿಟ್ ತರಿಸಿಕೊಳ್ಳಿ. ಅಂಗಡಿಯಲ್ಲಿ ಸಿಗುವುದು ಕಷ್ಟ, ಆನ್‌ಲೈನಿನಲ್ಲೇ ತರಿಸಬೇಕು. ಸೆಲ್ಲಿನ ಬೆಲೆಯ ಮುಂದೆ ಅದರದ್ದು ಏನೂ ಅಲ್ಲ. ನೀರಿಗೆ ಪುಡಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಒಂದೊಂದೇ ಹನಿ ಬಿಡುತ್ತಾ ಅಲ್ಲಾಡಿಸಬೇಕು. ಬಣ್ಣ ಪೂರ್ತಿ ಹೋದಾಗ ಎಷ್ಟು ಹನಿ ಆಯಿತೋ ಅದೇ ಲೆಕ್ಕ. 10 ಮಿಲಿ ನೀರಿಗೆ ಹನಿಗೆ 0.5 ಪಿಪಿಎಂ, 25 ಮಿಲಿ ನೀರಿಗೆ ಹನಿಗೆ 0.2. ಆಮೇಲೆ ಇನ್ನೊಂದು ಸೀಸೆಯ ಹನಿ ಹಾಕಿದಾಗ ಗುಲಾಬಿ ಮತ್ತೆ ಬಂದರೆ ಸೋತ ಕ್ಲೋರಿನ್ ಇದೆ ಅಂತ ಅರ್ಥ. ಅದನ್ನೂ ಹಾಗೇ ಎಣಿಸಿ. ನೀರನ್ನು ಮೇಲಿನಿಂದ ತೆಗೆಯಬೇಡಿ. ಮೊಣಕೈವರೆಗೆ ಕೈ ಇಳಿಸಿ, ನೀರು ಒಳಗೆ ಬರುವ ಬಾಯಿಯಿಂದ ದೂರದಲ್ಲಿ ತುಂಬಿಸಿ.

ರಾತ್ರಿ ಪರೀಕ್ಷೆ

ಕ್ಲೋರಿನ್ ತಿನ್ನುವವರು ಇಬ್ಬರು, ಬಿಸಿಲು ಮತ್ತು ಕೊಳೆ. ರಾತ್ರಿ ಬಿಸಿಲು ಇಲ್ಲ. ಸೆಲ್ಲನ್ನೂ ಆಫ್ ಮಾಡಿದರೆ ಹೊಸ ಕ್ಲೋರಿನ್ ಸೇರುವುದಿಲ್ಲ. ಆಗಲೂ ಇಳಿದರೆ ತಿಂದದ್ದು ಕೊಳೆಯೇ.

ಕತ್ತಲಾದ ಮೇಲೆ ಹೈಪೋ ಹಾಕಿ ಕ್ಲೋರಿನ್ನನ್ನು 5 ಪಿಪಿಎಂ ಹತ್ತಿರ ತನ್ನಿ. ಹೈಪೋ ಅಂದರೆ ಕ್ಯಾನಿನಲ್ಲಿ ಬರುವ ಸೋಡಿಯಂ ಹೈಪೋಕ್ಲೋರೈಟ್. 10 ಪರ್ಸೆಂಟಿನದ್ದಾದರೆ ನನ್ನ ಪೂಲಿಗೆ ಎರಡೂಕಾಲು ಲೀಟರ್. ಕ್ಯಾನ್ ಹಳೆಯದಾದರೆ ಬಲ ಇಳಿದಿರುತ್ತದೆ, ಸ್ವಲ್ಪ ಜಾಸ್ತಿ ಬೇಕು. ಪಂಪ್ ಒಂದು ಗಂಟೆ ಓಡಿ ಚೆನ್ನಾಗಿ ಬೆರೆಯಲಿ. ಸೆಲ್ ಆಫ್ ಆಗಿರುವುದನ್ನು ಇನ್ನೊಮ್ಮೆ ನೋಡಿ. ಎಂಟು ಗಂಟೆ ಸುಮಾರಿಗೆ ಪರೀಕ್ಷಿಸಿ, ಅಂಕಿ ಬರೆದಿಡಿ. ರಾತ್ರಿ ಕರೆಂಟ್ ಹೋದರೆ ತಲೆ ಕೆಡಿಸಿಕೊಳ್ಳಬೇಡಿ, ಬೆರೆತ ಮೇಲೆ ಪಂಪ್ ನಿಂತರೂ ತೊಂದರೆ ಇಲ್ಲ.

ಬೆಳಿಗ್ಗೆ ಸೂರ್ಯ ಹುಟ್ಟುವ ಮುಂಚೆ ಮತ್ತೆ ಪರೀಕ್ಷಿಸಿ. ಮಂಜಿನಲ್ಲಿ ಟಾರ್ಚ್ ಹಿಡಿದು ಹನಿ ಎಣಿಸುವುದು ಅಷ್ಟು ಸುಖದ ಕೆಲಸ ಅಲ್ಲ. ನಾನು ನೀರು ತುಂಬಿಸಿಕೊಂಡು ನೇರ ಅಡುಗೆಮನೆಗೆ ಬರುತ್ತೇನೆ. ಬಿಳಿ ತಟ್ಟೆಯ ಮೇಲೆ ಟ್ಯೂಬ್ ಇಟ್ಟರೆ ಕೊನೆಯ ಗುಲಾಬಿ ಛಾಯೆ ಹೋಗುವುದು ಸ್ಪಷ್ಟವಾಗಿ ಕಾಣುತ್ತದೆ.

ರಾತ್ರಿಯಿಡೀ 1 ಪಿಪಿಎಂ ಅಥವಾ ಅದಕ್ಕಿಂತ ಕಮ್ಮಿ ಇಳಿದಿದ್ದು, ಸೋತ ಕ್ಲೋರಿನ್ 0.5 ಒಳಗೆ ಇದ್ದರೆ ನೀರು ಚೊಕ್ಕಟ. ತೊಂದರೆ ಇರುವುದು ತಯಾರಿಕೆಯಲ್ಲಿ ಅಥವಾ ಬಿಸಿಲಿನಲ್ಲಿ. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಸೆಲ್ಲನ್ನು ಬೈಯುವುದು ಬಿಡಿ, “ರಾತ್ರಿ ಪಾಸಾಗದಿದ್ದರೆ” ಅನ್ನುವ ಭಾಗಕ್ಕೆ ನೇರ ಹೋಗಿ.

ರಾತ್ರಿ ಪಾಸಾಯಿತು, ಆದರೂ ಕ್ಲೋರಿನ್ ಇಲ್ಲ

ಮರುದಿನ ರಾತ್ರಿ ಸೆಲ್ಲಿನ ಸರದಿ. ಕತ್ತಲಾದ ಮೇಲೆ ಕ್ಲೋರಿನ್ ನೋಡಿ ಬರೆದಿಡಿ. ಸೆಲ್ಲನ್ನು 100 ಪರ್ಸೆಂಟಿಗೆ ಇಟ್ಟು ಆರು ಗಂಟೆ ಓಡಿಸಿ, ಮತ್ತೆ ನೋಡಿ. ನನ್ನ ಪೂಲಿನಲ್ಲಿ 90 ಗ್ರಾಂ ಬರಬೇಕು, ಅಂದರೆ 2 ಪಿಪಿಎಂ ಏರಬೇಕು. ಒಂದೂವರೆ ಏರಿದರೂ ಸೆಲ್ ಜೀವಂತ ಇದೆ. ಏನೂ ಏರದಿದ್ದರೆ ಕಾರಣ ಹುಡುಕಿ.

ನಮ್ಮೂರಿನಲ್ಲಿ ಮೊದಲ ಅನುಮಾನ ಕರೆಂಟಿನ ಮೇಲೆ. ಮುಳ್ಳು ತಿರುಗುವ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತಿರುತ್ತದೆ. ಒಂದು ವಾರದಲ್ಲಿ ಬೆಳಿಗ್ಗೆ ಎಂಟಕ್ಕೆ ಶುರುವಾಗಬೇಕಾದದ್ದು ಮಧ್ಯಾಹ್ನ ಎರಡಕ್ಕೆ ಹೋಗಿರುತ್ತದೆ. ನಾವು ದಿನಕ್ಕೆ ಎಂಟು ಗಂಟೆ ಓಡಿದೆ ಅಂದುಕೊಂಡಿರುತ್ತೇವೆ, ಓಡಿದ್ದು ಅದಕ್ಕಿಂತ ಕಮ್ಮಿ. ಸೆಲ್ಲನ್ನು ನಡೆಸುವ ಕೆಲವು ಕಂಟ್ರೋಲರ್‌ಗಳು ಕರೆಂಟ್ ಬಂದ ಮೇಲೆ ತಾವಾಗಿ ಆನ್ ಆಗುವುದಿಲ್ಲ. ವೋಲ್ಟೇಜ್ ಬಿದ್ದರೆ ಪಂಪ್ ನೀರನ್ನು ನಿಧಾನವಾಗಿ ತಳ್ಳುತ್ತದೆ, ಹರಿವು ನೋಡುವ ಫ್ಲೋ ಸ್ವಿಚ್ ಸೆಲ್ಲನ್ನು ನಿಲ್ಲಿಸುತ್ತದೆ. ಫಿಲ್ಟರ್ ಕಟ್ಟಿಕೊಂಡಿದ್ದರೂ ಇದೇ ಕಥೆ.

ಎರಡನೆಯದು ಉಪ್ಪು. ಕ್ಲೋರಿನ್ ತಯಾರಿಕೆಯಲ್ಲಿ ಉಪ್ಪು ಖರ್ಚಾಗುವುದಿಲ್ಲ. ಕ್ಲೋರಿನ್ ತನ್ನ ಕೆಲಸ ಮುಗಿಸಿ ಮತ್ತೆ ಉಪ್ಪಿನ ರೂಪಕ್ಕೇ ಬರುತ್ತದೆ. ಉಪ್ಪು ಹೋಗುವುದು ನೀರು ಹೊರಗೆ ಹೋದಾಗ. ಕೊಡಗಿನಲ್ಲಿ ನೀರು ಹೊರಗೆ ಹೋಗುವುದು ಹೇಗೆ ಅಂತ ಹೇಳಬೇಕಾಗಿಲ್ಲ! ನಮ್ಮ ಮಳೆ ಲೆಕ್ಕ ಇಂಚಿನಲ್ಲಿ, ಹಾಗಾಗಿ ಇಂಚಿನಲ್ಲೇ ನೋಡೋಣ. ನನ್ನ ಪೂಲಿನ ಬಾಯಿ 32 ಚದರ ಮೀಟರ್. ಒಂದು ಇಂಚು ಮಳೆಗೆ ಸುಮಾರು 800 ಲೀಟರ್ ಬೀಳುತ್ತದೆ. ಮಳೆಗಾಲಕ್ಕೆ ನೂರು ಇಂಚು ಹಿಡಿದರೆ 80,000 ಲೀಟರ್. ಪೂಲ್ ಹಿಡಿಯುವುದೇ 45,000. ಅಷ್ಟೂ ಮಳೆ ಬೆರೆತು ಉಕ್ಕಿ ಹರಿದಿದ್ದರೆ 3200 ಪಿಪಿಎಂ ಇದ್ದ ಉಪ್ಪು ಸೆಪ್ಟೆಂಬರಿನ ಹೊತ್ತಿಗೆ 550ರ ಆಸುಪಾಸಿಗೆ ಬಂದಿರುತ್ತದೆ. ಕ್ಲೋರಿನ್ನನ್ನು ಬಿಸಿಲಿನಿಂದ ಕಾಪಾಡುವ ಸ್ಟೆಬಿಲೈಸರ್ ಕೂಡ ಅದೇ ಪ್ರಮಾಣದಲ್ಲಿ ತೊಳೆದು ಹೋಗಿರುತ್ತದೆ.

ಹೆಚ್ಚಿನ ಸೆಲ್‌ಗಳಿಗೆ 2700ರಿಂದ 3400 ಪಿಪಿಎಂ ಉಪ್ಪು ಬೇಕು. ನಿಮ್ಮದರ ಪುಸ್ತಕ ನೋಡಿ. 500 ಪಿಪಿಎಂ ಏರಿಸಲು ನನಗೆ ಇಪ್ಪತ್ತೆರಡೂವರೆ ಕೆಜಿ ಬೇಕು. ಅಯೋಡಿನ್ ಇಲ್ಲದ, ಪುಡಿ ಉದುರಾಗಿರಲು ಏನೂ ಸೇರಿಸದ ಶುದ್ಧ ಉಪ್ಪು ತನ್ನಿ. ಮಣ್ಣು ಬೆರೆತ ಅಗ್ಗದ ಕಲ್ಲುಪ್ಪು ಬೇಡ, ತಳದಲ್ಲಿ ಕಲೆ ಬೀಳುತ್ತದೆ. ಇನ್ನೊಂದು ಎಚ್ಚರಿಕೆ. ಕಂಟ್ರೋಲರ್ “ಉಪ್ಪು ಕಮ್ಮಿ” ಅಂದ ಕೂಡಲೇ ಮೂಟೆ ಬಿಚ್ಚಬೇಡಿ. ಅದು ಉಪ್ಪನ್ನು ಅಳೆಯುವುದು ಸೆಲ್ಲಿನಲ್ಲಿ ಹರಿಯುವ ಕರೆಂಟ್ ನೋಡಿ. ಸೆಲ್ ಸವೆದಿದ್ದರೂ, ನೀರು ತಣ್ಣಗಿದ್ದರೂ ಉಪ್ಪು ಕಮ್ಮಿ ಅಂತಲೇ ತೋರಿಸೀತು. ಬೇರೆ ಸ್ಟ್ರಿಪ್‌ನಲ್ಲಿ ಅಳೆದು ನೋಡಿ. ಹಾಕಿದ ಉಪ್ಪನ್ನು ತೆಗೆಯಬೇಕಾದರೆ ನೀರನ್ನೇ ಚೆಲ್ಲಬೇಕು.

ತಣ್ಣನೆಯ ಮಾತು ಬಂತು. ಡಿಸೆಂಬರ್, ಜನವರಿಯಲ್ಲಿ ತೋಟದ ನೆರಳಿನ ಪೂಲ್ ಚೆನ್ನಾಗಿಯೇ ಕೊರೆಯುತ್ತದೆ. ನೀರು 10ರಿಂದ 15 ಡಿಗ್ರಿಗೆ ಇಳಿದರೆ ಎಷ್ಟೋ ಸೆಲ್‌ಗಳು ತಾವಾಗಿ ನಿಂತುಬಿಡುತ್ತವೆ. ಅದು ಕೆಟ್ಟದ್ದಲ್ಲ, ಸೆಲ್ಲನ್ನು ಕಾಪಾಡುವ ಏರ್ಪಾಡು. ಆ ತಿಂಗಳುಗಳಲ್ಲಿ ಬೆಳಗಿನ ಜಾವದ ಬದಲು ಮಧ್ಯಾಹ್ನ ಓಡಿಸಿ. ಹೊಸ ವರ್ಷಕ್ಕೆ ಮನೆ ತುಂಬ ಜನ ಇದ್ದರೆ ಜೊತೆಗೆ ಸ್ವಲ್ಪ ಹೈಪೋ ಹಾಕಿ.

ಕೊನೆಗೆ ಪ್ಲೇಟ್. ಬೆಳ್ಳಗೆ ಸುಣ್ಣ ಕಟ್ಟಿದ್ದರೆ ಮಾತ್ರ ಆಸಿಡ್. ನಮ್ಮ ತೋಡು, ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಬಯಲುಸೀಮೆಯ ಬೋರ್‌ವೆಲ್ ನೀರಿನಷ್ಟು ಸುಣ್ಣ ಕಟ್ಟುವುದಿಲ್ಲ. ತಿಂಗಳಿಗೊಮ್ಮೆ ಆಸಿಡ್ ವಾಶ್ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ರತಿ ಸಲವೂ ಪ್ಲೇಟಿನ ಮೇಲಿನ ಲೇಪ ಸ್ವಲ್ಪ ಸವೆಯುತ್ತದೆ. ಮೊದಲು ಪೈಪಿನ ನೀರಿನ ರಭಸಕ್ಕೆ ಹೋಗುತ್ತದಾ ನೋಡಿ. ಹೋಗದಿದ್ದರೆ ನಾಲ್ಕು ಪಾಲು ನೀರಿಗೆ ಒಂದು ಪಾಲು ಮ್ಯೂರಿಯಾಟಿಕ್ (ಹೈಡ್ರೋಕ್ಲೋರಿಕ್) ಆಸಿಡ್ ಹಾಕಿ, ಗುಳ್ಳೆ ನಿಲ್ಲುವವರೆಗೆ ಇಟ್ಟು ತೊಳೆಯಿರಿ. ನೀರಿಗೆ ಆಸಿಡ್, ಆಸಿಡ್ಡಿಗೆ ನೀರಲ್ಲ. ಉಪ್ಪು ಸರಿ, ಹರಿವು ಸರಿ, ಪ್ಲೇಟ್ ಚೊಕ್ಕಟ, ನೀರು ಬೆಚ್ಚಗಿದೆ, ಆದರೂ ಆರು ಗಂಟೆಯಲ್ಲಿ ಏನೂ ಏರಲಿಲ್ಲ ಅಂದರೆ ಸೆಲ್ ಅಥವಾ ಅದರ ಪವರ್ ಬೋರ್ಡ್ ಹೋಗಿದೆ. ದುಡ್ಡು ಬಿಚ್ಚುವ ಹೊತ್ತು ಅದು.

ಸೆಲ್ ಪಾಸಾದರೆ ಕಳ್ಳ ಬಿಸಿಲು. ಸ್ಟೆಬಿಲೈಸರ್, ಅಂದರೆ ಸಯನ್ಯೂರಿಕ್ ಆಸಿಡ್, ಇಲ್ಲದ ನೀರಿನಲ್ಲಿ ನಡುಮಧ್ಯಾಹ್ನದ ಬಿಸಿಲು ಒಂದು ಗಂಟೆಯೊಳಗೆ ಅರ್ಧ ಕ್ಲೋರಿನ್ ಹಾರಿಸುತ್ತದೆ. ಉಪ್ಪಿನ ಪೂಲಿಗೆ ಇದು 60ರಿಂದ 80 ಪಿಪಿಎಂ ಇರಲಿ. ಕ್ಲೋರಿನ್ನನ್ನು ಅದರ ಐದು ಪರ್ಸೆಂಟಿಗಿಂತ ಕೆಳಗೆ ಇಳಿಯಲು ಬಿಡಬೇಡಿ. ಸ್ಟೆಬಿಲೈಸರ್ 70 ಇದ್ದರೆ ಕ್ಲೋರಿನ್ ಮೂರೂವರೆ. ನಾನು ನಾಲ್ಕೈದು ಇಟ್ಟುಕೊಳ್ಳುತ್ತೇನೆ.

ಇದನ್ನು ಅಳೆಯುವುದು ಕಪ್ಪು ಚುಕ್ಕೆಯ ಟ್ಯೂಬಿನಲ್ಲಿ. ನೀರು ಮೋಡ ಮೋಡವಾಗುತ್ತದೆ, ಸುರಿಯುತ್ತಾ ಹೋದಾಗ ಚುಕ್ಕೆ ಕಾಣದಾಗುವ ಗೆರೆಯೇ ಉತ್ತರ. ಬಿಸಿಲಿಗೆ ಬೆನ್ನು ಮಾಡಿ, ಟ್ಯೂಬನ್ನು ಸೊಂಟದ ಮಟ್ಟಕ್ಕೆ ಹಿಡಿದು ನಿಮ್ಮ ನೆರಳಿನಲ್ಲಿ ನೋಡಿ. ಕೋಣೆಯೊಳಗೆ ನೋಡಿದರೆ ಬೇರೆಯೇ ಅಂಕಿ ಬರುತ್ತದೆ. ಸೊನ್ನೆಯಿಂದ 60ಕ್ಕೆ ತರಲು ನನಗೆ 2.7 ಕೆಜಿ ಬೇಕು. ಹಳೇ ಕಾಲುಚೀಲದಲ್ಲಿ ತುಂಬಿ, ನೀರು ಒಳಬರುವ ಬಾಯಿಯ ಮುಂದೆ ತೂಗುಹಾಕಿ, ಆಗಾಗ ಹಿಂಡಿ. ನಿಧಾನ ಕರಗುವ ಜಾತಿ ಅದು. ಒಂದು ವಾರ ಬಿಟ್ಟು ಅಳೆಯಿರಿ.

ರಾತ್ರಿ ಪಾಸಾಗದಿದ್ದರೆ

ಈಗ ನನ್ನ ಕಥೆಗೆ ಬರುತ್ತೇನೆ. ಹೊಸ ಸೆಲ್ಲೂ ಸೋತ ಮೇಲೆ ರಾತ್ರಿ ಪರೀಕ್ಷೆ ಮಾಡಿದೆ. ಬೆಳಿಗ್ಗೆವರೆಗೆ ಕಾಯಬೇಕಾಗಲಿಲ್ಲ. ಹೈಪೋ ಹಾಕಿ ಒಂದು ಗಂಟೆಗೆ ಕ್ಲೋರಿನ್ ಹೆಚ್ಚುಕಮ್ಮಿ ಮಾಯ. ಇನ್ನೊಂದು ಸೀಸೆಯ ಹನಿ ಹಾಕಿದರೆ ಟ್ಯೂಬ್ ಕಡು ಗುಲಾಬಿ. ಪಾಚಿ ಇದ್ದರೆ ಕ್ಲೋರಿನ್ ಇಷ್ಟು ಬೇಗ ಹೋಗುವುದಿಲ್ಲ. ಇದು ಅಮೋನಿಯಾದ ಲಕ್ಷಣ. ಮೈಸೂರಿನಿಂದ ಅಕ್ವೇರಿಯಂ ಅಂಗಡಿಯ ಅಮೋನಿಯಾ ಕಿಟ್ ತರಿಸಿ ನೋಡಿದೆ. 5 ಪಿಪಿಎಂ.

ಎಲ್ಲಿಂದ ಬಂತು? ಪೂಲಿನ ಮೇಲ್ಭಾಗದಲ್ಲಿ ಕಾಫಿ ಇಳಿಜಾರು. ಸೆಪ್ಟೆಂಬರ್ ಕೊನೆಯಲ್ಲಿ ಗೊಬ್ಬರ ಹಾಕಿಸಿದ್ದೆ, ಯೂರಿಯಾ ಸೇರಿ. ಎರಡು ದಿನಕ್ಕೆ ಒಂದು ಜೋರು ಮಳೆ ಬಂತು. ಮೇಲಿನ ಚರಂಡಿ ಸಿಲ್ವರ್ ಓಕ್ ಎಲೆಯಿಂದ ಕಟ್ಟಿತ್ತು. ನೀರು ಕಟ್ಟೆ ಹತ್ತಿ ನೇರ ಪೂಲಿಗೆ ಇಳಿದಿತ್ತು. ಕಾಫಿಗೆ ಹಾಕಿದ ಗೊಬ್ಬರದಲ್ಲಿ ಪೂಲಿಗೂ ಒಂದು ಪಾಲು! ಯೂರಿಯಾ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅಂಥ 1 ಪಿಪಿಎಂ ಅಮೋನಿಯಾ ತೀರಿಸಲು ಎಂಟರಿಂದ ಹತ್ತು ಪಿಪಿಎಂ ಕ್ಲೋರಿನ್ ಬೇಕು. 5ಕ್ಕೆ 50 ಅಂತ ಹಿಡಿದರೆ ನನ್ನ ಪೂಲಿಗೆ ಎರಡೂಕಾಲು ಕೆಜಿ ಕ್ಲೋರಿನ್. ಹೊಸ ಸೆಲ್ ಹಗಲೂ ರಾತ್ರಿ ಪೂರ್ತಿ ಬಲದಲ್ಲಿ ಓಡಿದರೂ ಆರು ದಿನದ ದುಡಿಮೆ ಅದು. ದಿನಕ್ಕೆ ಎಂಟು ಗಂಟೆಯಾದರೆ ಹತ್ತೊಂಬತ್ತು ದಿನ. ಅಷ್ಟರಲ್ಲಿ ಪಾಚಿ ಸುಮ್ನೆ ಕೂರುತ್ತದೆಯೇ?

ಗೊಬ್ಬರ ಇಲ್ಲದೆಯೂ ಅಮೋನಿಯಾ ಬರಬಹುದು. ತಿಂಗಳುಗಟ್ಟಲೆ ಕ್ಲೋರಿನ್ ಇಲ್ಲದೆ ಬಿಟ್ಟ ಪೂಲಿನಲ್ಲಿ ಬ್ಯಾಕ್ಟೀರಿಯಾ ಉಳಿದ ಸ್ಟೆಬಿಲೈಸರನ್ನೇ ಒಡೆದು ಅಮೋನಿಯಾ ಮಾಡುತ್ತದೆ. ಮಳೆಗಾಲ ಮುಗಿಸಿ ಪೂಲ್ ತೆರೆಯುವವರಿಗೆ ಇದು ಆಗಾಗ ಕಾಡುವ ತೊಂದರೆ.

ಅಮೋನಿಯಾಕ್ಕೆ ಮದ್ದು ಹೈಪೋ, ಅದೂ ಒಂದೇ ಸಮನೆ. 10 ಪಿಪಿಎಂ ಆಗುವಷ್ಟು ಹಾಕಿ (ನನಗೆ ನಾಲ್ಕೂವರೆ ಲೀಟರ್), ಪಂಪ್ ಓಡಲಿ, ಹತ್ತು ನಿಮಿಷಕ್ಕೆ ಪರೀಕ್ಷಿಸಿ. ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಮತ್ತೆ ಹಾಕಿ. ಹತ್ತು ನಿಮಿಷದ ಮೇಲೂ ಅರ್ಧಕ್ಕಿಂತ ಜಾಸ್ತಿ ಉಳಿಯಿತು ಅಂದರೆ ಅಮೋನಿಯಾ ತೀರಿತು. ನನಗೆ ಎರಡು ದಿನ, 35 ಲೀಟರಿನ ಒಂದು ಕ್ಯಾನ್ ಹಿಡಿಯಿತು.

ಅಮೋನಿಯಾ ಇಲ್ಲ, ಆದರೂ ರಾತ್ರಿ ಕ್ಲೋರಿನ್ ಇಳಿಯುತ್ತಿದೆ ಅಂದರೆ ಪಾಚಿ. ನೀರು ತಿಳಿಯಾಗಿ ಕಂಡರೂ ಇರಬಹುದು. ಏಣಿಯ ಕಾಲಿನ ಸಂದು, ಲೈಟಿನ ಹಿಂಭಾಗ, ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರ್ ಬಾಗಿಲಿನ ಹಿಂದೆ ಬೆರಳಾಡಿಸಿ. ಜಾರಿದರೆ ಅಲ್ಲೇ ಕೂತಿದೆ. ಉಕ್ಕಿ ಹರಿಯುವ ಪೂಲ್ ಆದರೆ ಆ ನೀರು ಹೋಗಿ ಸೇರುವ ಬ್ಯಾಲೆನ್ಸಿಂಗ್ ಟ್ಯಾಂಕಿನ ಮುಚ್ಚಳ ತೆಗೆಯಿರಿ, ಅದರೊಳಗೆ ವರ್ಷದ ಎಲೆಯೆಲ್ಲ ಕೊಳೆಯುತ್ತಿರುತ್ತದೆ. ಮೊದಲು ಪಿಎಚ್ 7.2ಕ್ಕೆ ತನ್ನಿ, ಕ್ಲೋರಿನ್ 10 ದಾಟಿದ ಮೇಲೆ ಪಿಎಚ್ ಹನಿ ನಂಬುವ ಹಾಗಿಲ್ಲ. ಆಮೇಲೆ ಕ್ಲೋರಿನ್ನನ್ನು ಸ್ಟೆಬಿಲೈಸರಿನ 40 ಪರ್ಸೆಂಟಿಗೆ ಏರಿಸಿ. ಸ್ಟೆಬಿಲೈಸರ್ 40 ಇದ್ದರೆ 16 ಪಿಪಿಎಂ. ಒಂದು ಸಲ ಹಾಕಿ ಮಲಗಿದರೆ ಆಗುವುದಿಲ್ಲ. ದಿನಕ್ಕೆ ಮೂರ್ನಾಲ್ಕು ಸಲ ಅಳೆದು ಅದೇ ಮಟ್ಟದಲ್ಲಿ ನಿಲ್ಲಿಸಬೇಕು, ಗೋಡೆ ಉಜ್ಜಬೇಕು, ಫಿಲ್ಟರ್ ತೊಳೆಯಬೇಕು. ನೀರು ತಿಳಿಯಾಗಿ, ಸೋತ ಕ್ಲೋರಿನ್ 0.5 ಒಳಗೆ ಬಂದು, ರಾತ್ರಿ ಪರೀಕ್ಷೆ ಪಾಸಾಗುವವರೆಗೆ ಬಿಡಬೇಡಿ. ಒಂದು ವಾರ ಹಿಡಿದರೂ ಆಶ್ಚರ್ಯವಿಲ್ಲ. ಅಲ್ಲಿಯವರೆಗೆ ಮಕ್ಕಳನ್ನು ನೀರಿಗೆ ಇಳಿಸಬೇಡಿ.

ಹೈಪೋ ಮತ್ತು ಆಸಿಡ್ ಒಂದೇ ಮೂಲೆಯಲ್ಲಿ ಇಡಬೇಡಿ, ಒಂದೇ ಮಗ್ ಬಳಸಬೇಡಿ. ಬೆರೆತರೆ ವಿಷಗಾಳಿ ಏಳುತ್ತದೆ. ಕ್ಲೋರಿನ್ ಮಾತ್ರೆಗೆ ಹರಳು ಕ್ಲೋರಿನ್ ತಾಗಿದರೆ ಬೆಂಕಿಯೇ ಹತ್ತಬಹುದು. ಕೆಲಸದವರ ಕೈಗೆ ಕೊಡುವ ಮುಂಚೆ ಇದನ್ನು ನಿಂತು ತೋರಿಸಿ.

ತೋಟದೊಳಗಿನ ಪೂಲಿನ ಸಣ್ಣಪುಟ್ಟ ಕಾಟ

ಕಾಫಿ ಹೂ ಅರಳಿ ಉದುರುವ ವಾರ ಪೂಲ್ ನೋಡಲು ಚೆಂದ, ಕ್ಲೋರಿನ್ನಿಗೆ ಕಷ್ಟ. ಆ ವಾರ ಬಲೆಯಲ್ಲಿ ದಿನಕ್ಕೆರಡು ಸಲ ಹೂ ತೆಗೆಯಿರಿ. ಕಾಫಿ ಒಣಗಿಸುವ ಕಣ ಹತ್ತಿರ ಇದ್ದರೆ ಜನವರಿ, ಫೆಬ್ರವರಿಯ ಧೂಳು, ಸಿಪ್ಪೆಯೂ ಹಾಗೇ. ಕೆರೆ ನೀರು ತುಂಬಿಸಿದರೆ ಅದರಲ್ಲಿರುವ ಎಲೆರಸವೆಲ್ಲ ಕ್ಲೋರಿನ್ ತಿನ್ನುತ್ತದೆ, ಮೊದಲೆರಡು ದಿನ ಹೈಪೋ ಕೊಡಿ. ಕಬ್ಬಿಣ ಇರುವ ಬಾವಿ ನೀರು ಕ್ಲೋರಿನ್ ತಾಗಿದ ಕೂಡಲೇ ಟೀ ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಬೇಡ, ಫಿಲ್ಟರ್ ಹಿಡಿಯುತ್ತದೆ. ಮೇ, ಜೂನಿನಲ್ಲಿ ಬೋರ್ಡೋ ಸ್ಪ್ರೇ ಹೊಡೆಯುವಾಗ ಪೂಲಿಗೆ ಟಾರ್ಪಾಲ್ ಹೊದಿಸಿ. ಮೈಲುತುತ್ತದ ತಾಮ್ರ ಬಿದ್ದರೆ ನೀರು ತಿಳಿ ಹಸಿರಾಗುತ್ತದೆ, ಪಾಚಿ ಅಂದುಕೊಂಡು ಎಷ್ಟು ಕ್ಲೋರಿನ್ ಸುರಿದರೂ ಆ ಹಸಿರು ಹೋಗುವುದಿಲ್ಲ.

ಈ ಸಲ ಜೂನಿನಲ್ಲಿ ನಾನು ಸೆಲ್ ಬಿಚ್ಚಿ ತೊಳೆದು ಮನೆಯೊಳಗೆ ಇಟ್ಟೆ. ಪೂಲಿಗೆ ವಾರಕ್ಕೆರಡು ಸಲ ಹೈಪೋ ಹಾಕಿ, ಕರೆಂಟ್ ಇದ್ದಾಗ ಪಂಪ್ ಓಡಿಸಿದೆ. ಸುರಿಯುವ ಮಳೆಯಲ್ಲಿ ಉಪ್ಪು, ಸ್ಟೆಬಿಲೈಸರ್ ಎರಡನ್ನೂ ಮುಟ್ಟಲಿಲ್ಲ. ಮಳೆ ನಿಂತ ಮೇಲೆ ಮೊದಲು ರಾತ್ರಿ ಪರೀಕ್ಷೆ, ಅದು ಪಾಸಾದರೆ ಉಪ್ಪು, ಕೊನೆಗೆ ಸೆಲ್. ಇನ್ನು ಗೊಬ್ಬರ ಹಾಕುವ ಹಿಂದಿನ ದಿನ ಗುದ್ದಲಿ ಹಿಡಿದು ಮೇಲಿನ ಚರಂಡಿ ನಾನೇ ಬಿಡಿಸುತ್ತೇನೆ.